ಒಡೆಯದ ಕಂಠಿಕೆ: ಹತ್ತೊಂಬತ್ತು ಒಂದುಗಳ ಅವಿಭಾಜ್ಯ ಸಂಖ್ಯೆ

ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ವನ್ನು ತೆರೆಯುವ ಸಾಹಿತ್ಯಾಭ್ಯಾಸಿಗಳು ಬಹುಮಟ್ಟಿಗೆ ಮೊದಲನೆಯ ಅಧಿಕಾರದಲ್ಲಿಯೇ ನಿಂತುಬಿಡುತ್ತಾರೆ. ಅಲ್ಲಿ ಜಿನಸ್ತುತಿಯಿದೆ, ಅಮೋಘವರ್ಷ ನೃಪತುಂಗನ ಪ್ರಶಂಸೆಯಿದೆ, ಲೋಕವ್ಯವಹಾರದಿಂದ ಮೊದಲ್ಗೊಂಡು ಶಾಸ್ತ್ರಗಳವರೆಗೆ ಎಲ್ಲಕ್ಕೂ ಗಣಿತ ಬೇಕೆಂದು ಸಾರುವ ಗಣಿತಪ್ರಶಂಸೆಯಿದೆ. ‘ಕವಿರಾಜಮಾರ್ಗ’ದ ಕಾಲವನ್ನು ಅರಿಯಲು ಹೊರಟವರಿಗೆ ಇಷ್ಟು ಸಾಕೆನಿಸುವುದು ಸಹಜ. ಆ ಪುಟಗಳನ್ನು ದಾಟಿ ಎರಡನೆಯದಾದ ಪರಿಕರ್ಮ ವ್ಯವಹಾರಕ್ಕೆ ಬಂದರೆ ಮೊದಲಿಗೇ ಪ್ರತ್ಯುತ್ಪನ್ನ, ಅಂದರೆ ಗುಣಾಕಾರ. ಅಲ್ಲಿನ ಉದಾಹರಣೆಗಳಲ್ಲಿ ಕೆಲವು ಬೇರೆಯವುಗಳಂತಿಲ್ಲ. ಕೊಟ್ಟ ಎರಡು ಸಂಖ್ಯೆಗಳನ್ನು ಗುಣಿಸಿದರೆ ಬರುವ ಉತ್ತರವನ್ನು ಆಚಾರ್ಯರು ಕಂಠಿಕೆ, ಕಂಠಾಭರಣ ಎಂದು ಕರೆಯುತ್ತಾರೆ. ಅರಸನ ಕೊರಳಿಗೆ ಒಪ್ಪುವ ಹಾರ ಅದು.

ಹಾರಗಳನ್ನು ಮೊದಲು ಕಣ್ಣಾರೆ ನೋಡುವುದು ಒಳ್ಳೆಯದು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 12345679ನ್ನು 9ರಿಂದ ಗುಣಿಸಿದರೆ 111111111. 142857143ನ್ನು 7ರಿಂದ ಗುಣಿಸಿದರೆ 1000000001. 333333666667ನ್ನು 33ರಿಂದ ಗುಣಿಸಿದರೆ 11000011000011. ಇನ್ನೊಂದು, 27994681ನ್ನು 441ರಿಂದ ಗುಣಿಸಿದರೆ 12345654321. ಈ ಕೊನೆಯದನ್ನು ಅಂಕಿಗಳ ಹೆಸರು ಹಿಡಿದು ಹೇಳದೆ, ಒಂದರಿಂದ ಆರರವರೆಗೆ ಏರಿ ಅದೇ ಕ್ರಮದಲ್ಲಿ ಇಳಿಯುವ ಸಂಖ್ಯೆಯೆಂದು ಆಚಾರ್ಯರು ವರ್ಣಿಸುತ್ತಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಇವೆಲ್ಲ ಒಂದೇ. ಚಿತ್ರಕಾವ್ಯವನ್ನು ಬಲ್ಲವರು ಇದನ್ನು ಗತಪ್ರತ್ಯಾಗತವೆನ್ನುತ್ತಾರೆ. ಅಕ್ಷರಗಳಿಂದ ಕವಿಗಳು ಕಟ್ಟಿದ್ದನ್ನು ಗಣಿತಜ್ಞರೊಬ್ಬರು ಅಂಕಿಗಳಿಂದ ಕಟ್ಟಿದ್ದಾರೆ.

ಈ ಕಂಠಿಕೆಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಇವು ಬರಿಯ ವಿನೋದ, ಶಿಷ್ಯರಿಗೆ ಗುಣಾಕಾರದಲ್ಲಿ ರುಚಿ ಹುಟ್ಟಿಸಲು ಮಾಡಿದ ಚಮತ್ಕಾರ ಎಂಬುದು ಒಂದು. ಆಧುನಿಕ ಸಂಖ್ಯಾಶಾಸ್ತ್ರವೆಲ್ಲ ಇದರೊಳಗೆ ಅಡಗಿದೆ ಎಂಬುದು ಇನ್ನೊಂದು. ಮೊದಲನೆಯದು ಆಚಾರ್ಯರಿಗೆ ಮಾಡುವ ಅನ್ಯಾಯ. ಎರಡನೆಯದು ಅವರಿಗೆ ಬೇಡವಾದ ಉಪಕಾರ. ಇವೆರಡರ ನಡುವೆ ನಿಜವಾಗಿ ಏನಿದೆಯೆಂಬುದನ್ನು ತಿಳಿಯಲು ಮಹಾವೀರಾಚಾರ್ಯರು ಪೋಣಿಸದೆ ಬಿಟ್ಟ ಒಂದು ಹಾರವನ್ನು ಹಿಡಿದು ನೋಡಬೇಕೆಂದು ನನಗೆ ತೋರುತ್ತದೆ. ಹತ್ತೊಂಬತ್ತು ಒಂದುಗಳನ್ನು ಸಾಲಾಗಿ ಇಟ್ಟ ಸಂಖ್ಯೆ ಅದು: 1111111111111111111. ಇದು ಅವಿಭಾಜ್ಯ. ತನ್ನಿಂದಲೂ ಒಂದರಿಂದಲೂ ಅಲ್ಲದೆ ಬೇರಾವುದರಿಂದಲೂ ಇದನ್ನು ನಿಶ್ಶೇಷವಾಗಿ ಭಾಗಿಸಲಾಗದು.

ಕಂಠಿಕೆಯನ್ನು ಕಟ್ಟುವವನು ಮೊದಲು ಅದನ್ನು ಒಡೆಯಬೇಕಾಗುತ್ತದೆ. ಶಿಷ್ಯನಿಗೆ 152207 ಮತ್ತು 73 ಎಂಬ ಎರಡು ಸಂಖ್ಯೆಗಳು ಸಿಗುತ್ತವೆ, ಗುಣಿಸಿದಾಗ ಎಂಟು ಒಂದುಗಳು ಮೂಡಿ ಬೆರಗಾಗುತ್ತಾನೆ. ಆದರೆ ಲೆಕ್ಕವನ್ನು ಹೆಣೆದ ಗುರುವಿನ ದಾರಿ ಇದಕ್ಕೆ ವಿಪರೀತವಾದುದು. ಎಂಟು ಒಂದುಗಳಿಂದ ಹೊರಟು, ಅದನ್ನು 73 ಭಾಗಿಸುತ್ತದೆಂಬುದನ್ನು ಅವರು ಕಂಡುಕೊಂಡಿರಲೇಬೇಕು. ಎಂಟು ಒಂದುಗಳೆಂದರೆ ನಾಲ್ಕು ಒಂದುಗಳನ್ನು 10001ರಿಂದ ಗುಣಿಸಿದ್ದು. 10001 ಎಂದರೆ 73 ಮತ್ತು 137ರ ಗುಣಲಬ್ಧ. ಆಚಾರ್ಯರು ಇದೇ ಮೆಟ್ಟಿಲುಗಳನ್ನು ಹತ್ತಿದರೆಂದು ಗ್ರಂಥ ಹೇಳುವುದಿಲ್ಲ, ಹೇಳುವ ಅಗತ್ಯವೂ ಅದಕ್ಕಿರಲಿಲ್ಲ. ಆದರೂ 73 ಎಂಬ ಸಂಖ್ಯೆ ಆಕಸ್ಮಿಕವಾಗಿ ಕೈಗೆ ಬರುವಂಥದಲ್ಲ. ಭಿನ್ನರಾಶಿಗಳನ್ನು ಕೂಡುವಾಗ ಛೇದಗಳ ಕನಿಷ್ಠ ಸಾಮಾನ್ಯ ಗುಣಕವನ್ನು ‘ನಿರುದ್ಧ’ವೆಂಬ ಹೆಸರಿನಿಂದ ಬಳಕೆಗೆ ತಂದವರು ಇವರೇ ಎಂಬುದನ್ನು ನೆನೆದರೆ, ಸಂಖ್ಯೆಯನ್ನು ಒಡೆದು ನೋಡುವ ಅಭ್ಯಾಸ ಅವರಿಗೆ ಚೆನ್ನಾಗಿಯೇ ಇತ್ತೆಂದು ತಿಳಿಯುತ್ತದೆ.

ಹಾಗಾದರೆ ಒಡೆಯದ ಕಂಠಿಕೆ ಯಾವುದು? ಎರಡು ಒಂದುಗಳ 11 ಅವಿಭಾಜ್ಯ. ಅಲ್ಲಿಂದ ಮುಂದೆ ಹುಡುಕುವಾಗ ಒಂದು ಸರಳ ನಿಯಮ ನೆರವಿಗೆ ಬರುತ್ತದೆ. ಹಾರದಲ್ಲಿನ ಮಣಿಗಳ ಎಣಿಕೆಯೇ ಭಾಜ್ಯವಾಗಿದ್ದರೆ ಹಾರವೂ ಒಡೆಯುತ್ತದೆ. ಆರು ಮಣಿಗಳ 111111ನ್ನು ಮೂರು ಮೂರಾಗಿ ಬಿಡಿಸಿದರೆ 111 ಮತ್ತು 1001ರ ಗುಣಲಬ್ಧ, ಎರಡು ಎರಡಾಗಿ ಬಿಡಿಸಿದರೆ 11 ಮತ್ತು 10101ರ ಗುಣಲಬ್ಧ. ಒಂಬತ್ತು ಮಣಿಗಳದ್ದು 111ರಿಂದ ಒಡೆಯಲೇಬೇಕು. ಆದ್ದರಿಂದ ಒಡೆಯದ ಹಾರ ಬೇಕಿದ್ದರೆ ಮಣಿಗಳ ಎಣಿಕೆ ಅವಿಭಾಜ್ಯವಾಗಿರಬೇಕು. ಅಷ್ಟಿದ್ದರೆ ಸಾಕೆಂದಲ್ಲ. ಮೂರು ಮಣಿಗಳ 111 ಎಂದರೆ 3 ಮತ್ತು 37. ಐದು ಮಣಿಗಳ 11111 ಎಂದರೆ 41 ಮತ್ತು 271. ಏಳು ಮಣಿಗಳದ್ದು 239 ಮತ್ತು 4649ಕ್ಕೆ ಒಡೆಯುತ್ತದೆ. ಹನ್ನೊಂದರದ್ದು 21649 ಮತ್ತು 513239ಕ್ಕೆ, ಹದಿಮೂರರದ್ದು 53, 79 ಮತ್ತು 265371653ಕ್ಕೆ. ಹದಿನೇಳು ಮಣಿಗಳ ಹಾರ ಸುಲಭಕ್ಕೆ ಜಗ್ಗುವುದಿಲ್ಲ. ಅದರ ಅತಿ ಚಿಕ್ಕ ಅಪವರ್ತನವೇ 2071723, ಇನ್ನೊಂದು 5363222357. ಇಷ್ಟೆಲ್ಲ ಒಡೆದ ಮೇಲೆ ಹತ್ತೊಂಬತ್ತರ ಹಾರ ಬಂದು ನಿಲ್ಲುತ್ತದೆ, ಒಡೆಯುವುದಿಲ್ಲ.

ಸಂಖ್ಯೆ ದೊಡ್ಡದಾಗಿರುವುದರಿಂದ ಒಡೆಯುವುದಿಲ್ಲ ಎಂದು ಯಾರಾದರೂ ಭಾವಿಸಿದರೆ ಅವರು ‘ಧವಲಾ’ ಟೀಕೆಯ ಕಡೆಗೆ ನೋಡಬೇಕು. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದರೆಂದು ಸಾಮಾನ್ಯವಾಗಿ ಹೇಳಲಾಗುವ, ಮೂಡಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ಆ ಮಹಾಟೀಕೆಯಲ್ಲಿ ಪರ್ಯಾಪ್ತ ಮನುಷ್ಯರ ಸಂಖ್ಯೆಯ ಚರ್ಚೆ ಬರುತ್ತದೆ. ಎರಡನ್ನು ವರ್ಗಿಸಿ, ಬಂದುದನ್ನು ಮತ್ತೆ ವರ್ಗಿಸುತ್ತ ಹೋದಾಗ ದೊರೆಯುವ ಐದನೆಯ ವರ್ಗವನ್ನೂ ಆರನೆಯ ವರ್ಗವನ್ನೂ ಪರಸ್ಪರ ಗುಣಿಸಿದ್ದು ಆ ಸಂಖ್ಯೆಯೆಂಬುದು ಒಂದು ಮತ. ಎರಡರ 96ನೆಯ ಘಾತವದು: 79228162514264337593543950336. ಇಪ್ಪತ್ತೊಂಬತ್ತು ಅಂಕಿಗಳು. ವೀರಸೇನರು ಇದನ್ನು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಮನುಷ್ಯಲೋಕದ ಕ್ಷೇತ್ರಫಲವನ್ನು ಲೆಕ್ಕಹಾಕಿ, ಅಷ್ಟು ಮಂದಿ ಅಲ್ಲಿ ಹಿಡಿಸಲಾರರೆಂದು ವಾದಿಸಿದರು. ಪರಂಪರೆಯಿಂದ ಬಂದ ಸಂಖ್ಯೆಯನ್ನು ಅಳತೆಗೆ ಒಡ್ಡಿ ನೋಡಿದ ಈ ಧೈರ್ಯದ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ಇಲ್ಲಿ ನಮಗೆ ಬೇಕಾದದ್ದು ಇಷ್ಟು: ಆ ಇಪ್ಪತ್ತೊಂಬತ್ತು ಅಂಕಿಗಳ ಸಂಖ್ಯೆಯನ್ನು ಒಡೆಯುವುದಕ್ಕಿಂತ ಸುಲಭವಾದದ್ದು ಇನ್ನೊಂದಿಲ್ಲ. ತೊಂಬತ್ತಾರು ಸಲ ಅರ್ಧ ಮಾಡಿದರೆ ಒಂದಕ್ಕೆ ಬಂದು ನಿಲ್ಲುತ್ತದೆ. ವೀರಸೇನರ ಪರಿಭಾಷೆಯಲ್ಲಿ ಅದರ ‘ಅರ್ಧಚ್ಛೇದ’ 96. ಅವರು ಮೂರರಿಂದ ಭಾಗಿಸುತ್ತ ಹೋಗುವ ‘ತ್ರಿಕಚ್ಛೇದ’ವನ್ನೂ ಹೇಳುತ್ತಾರೆ. ಆದರೆ ಯಾವ ಛೇದಕ್ಕೂ ಸಿಗದ ಸಂಖ್ಯೆ ಯಾವುದೆಂಬ ಪ್ರಶ್ನೆ ಆ ಚರ್ಚೆಯ ಗುರಿಯಲ್ಲ. ಮಹಾಸಂಖ್ಯೆಗಳನ್ನು ಒಂದರೊಡನೊಂದು ಹೋಲಿಸುವುದು, ದ್ರವ್ಯಪ್ರಮಾಣವನ್ನು ನಿರ್ಣಯಿಸುವುದು ಅವರ ಕಾಳಜಿ. ವರ್ಗಿಸಿ ವರ್ಗಿಸಿ ಬೆಳೆಸಿದ ಸಂಖ್ಯೆ ತನ್ನ ಹುಟ್ಟಿನಲ್ಲಿಯೇ ಒಡಕನ್ನು ಹೊತ್ತು ಬಂದಿರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅವಿಭಾಜ್ಯವೆಂದ ಕೂಡಲೇ ನಮ್ಮ ಓದುಗರಿಗೆ ಪುದ್ಗಲ ಪರಮಾಣು ನೆನಪಾಗದೆ ಇರದು. ಭಾಗವಿಲ್ಲದ್ದು, ಎಲ್ಲ ಸ್ಕಂಧಗಳಿಗೂ ಮೂಲವಾದದ್ದು. ಅವಿಭಾಜ್ಯ ಸಂಖ್ಯೆಯೂ ಗುಣಾಕಾರದ ದೃಷ್ಟಿಯಿಂದ ಹಾಗೆಯೇ ಎಂದು ಸಾಮ್ಯವನ್ನು ಬೆಳೆಸಬಹುದು. ನಾನು ಬೆಳೆಸಲಾರೆ. ಹತ್ತೊಂಬತ್ತು ಒಂದುಗಳ ಸಂಖ್ಯೆಯನ್ನು ಎಷ್ಟು ಬಗೆಯಾಗಿಯಾದರೂ ಕೂಡಿ ಕಳೆದು ತುಂಡುಮಾಡಬಹುದು. ಸಮಪಾಲುಗಳಾಗಿ ಮಾತ್ರ ಹಂಚಲಾಗದು. ಪರಮಾಣುವಿನ ನಿರವಯವತ್ವ ಬೇರೆ, ಇದು ಬೇರೆ. ಇದಕ್ಕಿಂತ ಹತ್ತಿರದ ಸಾಮ್ಯವೊಂದು ಒಂದರ ವಿಷಯದಲ್ಲಿದೆ. ಆಗಮಪರಂಪರೆಯಲ್ಲಿ ಗಣನಸಂಖ್ಯೆ ಎರಡರಿಂದ ಮೊದಲಾಗುತ್ತದೆ. ವರ್ಗಿಸಿದರೆ ಬೆಳೆಯದ ಕಾರಣ ಒಂದನ್ನು ‘ನೋಕೃತಿ’ಯೆಂದು ‘ಧವಲಾ’ ಪ್ರತ್ಯೇಕಿಸುತ್ತದೆ. ಇಂದಿನ ಗಣಿತವೂ ಒಂದನ್ನು ಅವಿಭಾಜ್ಯಗಳ ಸಾಲಿಗೆ ಸೇರಿಸುವುದಿಲ್ಲ. ಒಂದರಿಂದ ಎಷ್ಟು ಸಲ ಗುಣಿಸಿದರೂ ಸಂಖ್ಯೆ ಬೆಳೆಯುವುದಿಲ್ಲ, ಸೇರಿಸಿಕೊಂಡರೆ ಒಂದೇ ಸಂಖ್ಯೆಯನ್ನು ಒಡೆಯುವ ಬಗೆಗಳಿಗೆ ಲೆಕ್ಕವೇ ಉಳಿಯುವುದಿಲ್ಲ ಎಂಬುದು ಅದಕ್ಕೆ ಕಾರಣ. ಎರಡೂ ಕಡೆ ಒಂದರ ಗುಣಾಕಾರದ ನಡೆಯೇ ಅದನ್ನು ಹೊರಗಿಡಿಸಿದೆ.

ಹತ್ತೊಂಬತ್ತರ ಹಾರಕ್ಕೆ ಮರಳೋಣ. ಅದರ ಗುಣಗಳಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಭಾಗಾಕಾರಕ್ಕೆ ಸಂಬಂಧಿಸಿದ್ದು. ಒಂದನ್ನು 37ರಿಂದ ಭಾಗಿಸಿದರೆ ದಶಮಾಂಶದಲ್ಲಿ 027 ಎಂಬ ಮೂರು ಅಂಕಿಗಳು ಮತ್ತೆ ಮತ್ತೆ ಬರುತ್ತವೆ. 41ರಿಂದ ಭಾಗಿಸಿದರೆ 02439 ಎಂಬ ಐದಂಕಿಗಳ ಆವರ್ತನ. 37 ಮೂರು ಒಂದುಗಳನ್ನು ಭಾಗಿಸುತ್ತದೆ, 41 ಐದು ಒಂದುಗಳನ್ನು ಭಾಗಿಸುತ್ತದೆ. ಆವರ್ತನದ ಉದ್ದಕ್ಕೂ ಹಾರದ ಉದ್ದಕ್ಕೂ ಇರುವ ನಂಟು ಇದು. 2, 3, 5ನ್ನು ಬಿಟ್ಟರೆ ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಅದು ಯಾವುದಾದರೊಂದು ಕಂಠಿಕೆಯನ್ನು ಒಡೆದೇ ಒಡೆಯುತ್ತದೆ, ಮತ್ತು ಅದು ಒಡೆಯುವ ಅತಿ ಚಿಕ್ಕ ಕಂಠಿಕೆಯ ಉದ್ದವೇ ಅದರ ಆವರ್ತನದ ಉದ್ದ. ಐದರ ಆವರ್ತನ 41ಕ್ಕೂ ಉಂಟು, 271ಕ್ಕೂ ಉಂಟು. ಆದರೆ ಹತ್ತೊಂಬತ್ತರ ಆವರ್ತನವುಳ್ಳ ಅವಿಭಾಜ್ಯ ಯಾವುದೆಂದು ಹುಡುಕಿದರೆ ಅದು ಹತ್ತೊಂಬತ್ತು ಒಂದುಗಳ ಸಂಖ್ಯೆಯನ್ನು ಭಾಗಿಸಬೇಕು. ಆ ಸಂಖ್ಯೆಯೇ ಅವಿಭಾಜ್ಯವಾದ್ದರಿಂದ ಅದೊಂದೇ ಉಳಿಯುತ್ತದೆ. ಅಂದರೆ ಅಸಂಖ್ಯ ಅವಿಭಾಜ್ಯಗಳ ನಡುವೆ ಹತ್ತೊಂಬತ್ತರ ಆವರ್ತನವಿರುವುದು ಇದೊಂದಕ್ಕೇ. ಒಂದನ್ನು ಇದರಿಂದ ಭಾಗಿಸಿದರೆ ದಶಮಾಂಶದ ಬಿಂದುವಿನ ನಂತರ ಹದಿನೆಂಟು ಸೊನ್ನೆಗಳು, ಆಮೇಲೊಂದು 9, ಮತ್ತೆ ಹದಿನೆಂಟು ಸೊನ್ನೆಗಳು, ಮತ್ತೊಂದು 9. ಮಹಾವೀರಾಚಾರ್ಯರ ಒಂಬತ್ತು ಮಣಿಗಳ ಹಾರದಲ್ಲಿಯೂ ಇಂಥ ಏಕಾಕಿ ಅಡಗಿದೆ. 12345679 ಎಂಬುದು 37 ಮತ್ತು 333667ರ ಗುಣಲಬ್ಧ. ಒಂಬತ್ತರ ಆವರ್ತನವುಳ್ಳ ಏಕೈಕ ಅವಿಭಾಜ್ಯ ಆ 333667.

ಇದು ಅವಿಭಾಜ್ಯವೆಂದು ತಿಳಿದದ್ದು ಹೇಗೆ? ಶಾಲೆಯಲ್ಲಿ ಕಲಿತ ಪರೀಕ್ಷೆಗಳು ಸ್ವಲ್ಪ ದೂರ ಕರೆದೊಯ್ಯುತ್ತವೆ. ಕೊನೆಯ ಅಂಕಿ 1 ಆದ್ದರಿಂದ 2, 5 ಭಾಗಿಸುವುದಿಲ್ಲ. ಅಂಕಿಗಳ ಮೊತ್ತ 19 ಆದ್ದರಿಂದ 3 ಭಾಗಿಸದು. 7 ಮತ್ತು 13 ಆರು ಆರು ಮಣಿಗಳನ್ನು ನುಂಗುತ್ತ ಹೋಗಿ ಕೊನೆಗೆ ಒಂದು ಮಣಿಯನ್ನು ಬಿಡುತ್ತವೆ. ಹೀಗೆ ಸಂಖ್ಯೆಯ ವರ್ಗಮೂಲದವರೆಗೆ, ಎಂದರೆ ಸುಮಾರು 105 ಕೋಟಿಯವರೆಗೆ, ಇರುವ ಅವಿಭಾಜ್ಯಗಳನ್ನೆಲ್ಲ ಪ್ರಯೋಗಿಸಬೇಕು. ಅವು ಐದು ಕೋಟಿಗೂ ಮೀರುತ್ತವೆ. ಫ್ರಾನ್ಸಿನ ಪಿಯೆರ್ ಡಿ ಫರ್ಮಾ 1640ರಲ್ಲಿ ಪತ್ರವೊಂದರಲ್ಲಿ ತಿಳಿಸಿದ ಪ್ರಮೇಯ ಈ ಹೊರೆಯನ್ನು ತಗ್ಗಿಸುತ್ತದೆ. ಅದರಂತೆ ಹತ್ತೊಂಬತ್ತರ ಹಾರವನ್ನು ಭಾಗಿಸಬಲ್ಲ ಅವಿಭಾಜ್ಯ ಯಾವುದೇ ಇದ್ದರೂ 38ರಿಂದ ಭಾಗಿಸಿದಾಗ ಅದು 1ನ್ನು ಶೇಷವಾಗಿ ಬಿಡಬೇಕು. ಆಗ 571ರವರೆಗಿನ 105 ಅವಿಭಾಜ್ಯಗಳಲ್ಲಿ 191, 229, 419, 457, 571 ಎಂಬ ಐದೇ ಪರೀಕ್ಷೆಗೆ ಉಳಿಯುತ್ತವೆ. ಉಳಿತಾಯ ದೊಡ್ಡದೇ. ಆದರೂ 105 ಕೋಟಿಯವರೆಗೆ ಹೋದರೆ ಸುಮಾರು 30 ಲಕ್ಷ ಭಾಗಾಕಾರಗಳು ಬಾಕಿಯಿರುತ್ತವೆ. ದಿನಕ್ಕೆ ನೂರರಂತೆ ಒಬ್ಬನು ಮಾಡುತ್ತ ಕುಳಿತರೆ ಎಂಬತ್ತು ವರ್ಷ ಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಎದುವಾರ್ ಲೂಕಾ ಎಂಬ ಫ್ರೆಂಚ್ ಗಣಿತಜ್ಞ 30 ಲಕ್ಷಕ್ಕಿಂತ ಚಿಕ್ಕದಾದ ಯಾವ ಅವಿಭಾಜ್ಯಕ್ಕೂ ಹತ್ತೊಂಬತ್ತರ ಆವರ್ತನವಿಲ್ಲವೆಂದು ತೋರಿಸಿದ. 105 ಕೋಟಿಯ ದಾರಿಯಲ್ಲಿ ಅದು ಮೊದಲ ಹೆಜ್ಜೆ ಮಾತ್ರ. ಅವನ ಹೆಚ್ಚಿನ ಕೊಡುಗೆ ಬೇರೆಡೆ ಇದೆ. ಒಂದು ಸಂಖ್ಯೆ ಅವಿಭಾಜ್ಯವೆಂದು ಸಾಧಿಸಲು ಅದನ್ನೇ ಒಡೆಯಲು ಯತ್ನಿಸಿ ಸೋಲಬೇಕೆಂದೇನೂ ಇಲ್ಲ. ಅದರ ಪಕ್ಕದಲ್ಲಿರುವ, ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ಪೂರ್ತಿಯಾಗಿ ಒಡೆಯಲು ಸಾಧ್ಯವಾದರೆ ಸಾಕು ಎಂಬುದನ್ನು ಅವನು 1876ರಲ್ಲಿ ಕಂಡ. ಫರ್ಮಾನ ಪ್ರಮೇಯದ ವಿಲೋಮವೆಂದು ಅದಕ್ಕೆ ಹೆಸರು. ಅಮೆರಿಕದ ಡೆರಿಕ್ ಲೆಹ್ಮರ್ 1927ರಲ್ಲಿ ಅದನ್ನು ಇನ್ನಷ್ಟು ಹರಿತಗೊಳಿಸಿದ. ಯುಕ್ತವಾದ ಒಂದು ಸಂಖ್ಯೆಯನ್ನು ಆರಿಸಿಕೊಂಡು, ಪರೀಕ್ಷಿಸಬೇಕಾದ ಸಂಖ್ಯೆಗಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿದಾಗ ಶೇಷ 1 ಬರಬೇಕು. ಆ ಘಾತವನ್ನು ಅದರ ಒಂದೊಂದು ಅವಿಭಾಜ್ಯ ಅಪವರ್ತನದಿಂದ ಭಾಗಿಸಿ ತಗ್ಗಿಸಿದಾಗ ಶೇಷ 1 ಬರಬಾರದು. ಇಷ್ಟಾದರೆ ಮೂಲಸಂಖ್ಯೆ ಅವಿಭಾಜ್ಯವೆಂಬುದು ಸಿದ್ಧ.

ಈ ವಿಧಾನವನ್ನು ಹತ್ತೊಂಬತ್ತರ ಹಾರಕ್ಕೆ ಒಡ್ಡಿ ನೋಡಿದಾಗ ಏನಾಗುತ್ತದೆಂಬುದೇ ಈ ಲೇಖನ ಬರೆಯಲು ನನಗೆ ಪ್ರೇರಣೆ. ಹತ್ತೊಂಬತ್ತು ಒಂದುಗಳಿಂದ ಒಂದನ್ನು ಕಳೆದರೆ 1111111111111111110. ಎಂದರೆ ಹದಿನೆಂಟು ಒಂದುಗಳ ಹಾರದ ಹತ್ತರಷ್ಟು. ಹದಿನೆಂಟನ್ನು ಒಂಬತ್ತು ಒಂಬತ್ತಾಗಿ ಬಿಡಿಸಿದರೆ ಅದು ಎರಡು ಸಂಖ್ಯೆಗಳ ಗುಣಲಬ್ಧ: 111111111 ಮತ್ತು 1000000001. ಲೇಖನದ ಆರಂಭಕ್ಕೆ ಮರಳಿ ನೋಡಿ. ಎರಡೂ ಮಹಾವೀರಾಚಾರ್ಯರ ಕಂಠಿಕೆಗಳು. ಮೊದಲನೆಯದನ್ನು ಅವರು 12345679 ಮತ್ತು 9 ಆಗಿ ಒಡೆದಿದ್ದಾರೆ, ಎರಡನೆಯದನ್ನು 142857143 ಮತ್ತು 7 ಆಗಿ. ಒಡೆಯದ ಹಾರದ ಅವಿಭಾಜ್ಯತೆಯನ್ನು ಸಾಧಿಸಲು ಬೇಕಾದ ಕೀಲಿ ಅವರು ಒಡೆದಿಟ್ಟ ಎರಡು ಹಾರಗಳಲ್ಲಿದೆ. ಕೆಲಸ ಇನ್ನೂ ಪೂರ್ತಿಯಾಗಿಲ್ಲ ನಿಜ. 12345679 ಮತ್ತೆ 37 ಮತ್ತು 333667ಕ್ಕೆ ಒಡೆಯಬೇಕು, 142857143 ಎಂಬುದು 11, 13, 19, 52579ಕ್ಕೆ ಒಡೆಯಬೇಕು. ಹೀಗೆ 2, 3, 5, 7, 11, 13, 19, 37, 52579, 333667 ಎಂಬ ಹತ್ತು ಅವಿಭಾಜ್ಯಗಳು ಕೈಗೆ ಬರುತ್ತವೆ. 30 ಲಕ್ಷ ಭಾಗಾಕಾರಗಳ ಜಾಗದಲ್ಲಿ ಹತ್ತು ಪರೀಕ್ಷೆಗಳು, ಮತ್ತು ಇಡೀ ಘಾತದ ಒಂದು ಪರೀಕ್ಷೆ.

ಇದರಿಂದ ಆಚಾರ್ಯರು ಲೂಕಾನ ವಿಧಾನವನ್ನು ಸಾವಿರ ವರ್ಷ ಮೊದಲೇ ಅರಿತಿದ್ದರೆಂದು ಹೇಳಿದರೆ ಅದು ಸುಳ್ಳು. ಅವರು ಹತ್ತೊಂಬತ್ತರ ಹಾರವನ್ನು ಕುರಿತು ಒಂದು ಮಾತನ್ನೂ ಆಡಿಲ್ಲ. ಲೂಕಾ ‘ಗಣಿತಸಾರಸಂಗ್ರಹ’ವನ್ನು ಓದಿದ್ದನೆಂದು ಊಹಿಸಲೂ ಎಡೆಯಿಲ್ಲ; ರಂಗಾಚಾರ್ಯರು ಕನ್ನಡ ಲಿಪಿಯ ಪ್ರತಿಗಳನ್ನೂ ಬಳಸಿಕೊಂಡು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಮುದ್ರಿಸಿ ಹೊರತಂದದ್ದು 1912ರಲ್ಲಿ, ಲೂಕಾ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ. ಇಲ್ಲಿ ಆಗಿರುವುದು ಸಂಖ್ಯೆಗಳ ಸ್ವಭಾವದಿಂದಲೇ ಒದಗಿದ ಸಂಧಿ. ಆದರೆ ಕಂಠಿಕೆಗಳು ಬರಿಯ ವಿನೋದವೆಂಬ ಮಾತಿಗೆ ಮಾತ್ರ ಇದು ತಕ್ಕ ಉತ್ತರ. ಒಂದುಗಳ ಸಾಲನ್ನು ಒಡೆಯುವ ಕೆಲಸ ಗಂಭೀರವಾದ ಕೆಲಸ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಆವರ್ತ ದಶಮಾಂಶಗಳ ಕೋಷ್ಟಕಗಳನ್ನು ರಚಿಸಿದವರು ಅದನ್ನೇ ವ್ರತದಂತೆ ಮಾಡಿದರು. ನೃಪತುಂಗನ ಕಾಲದಲ್ಲಿ ಅದೇ ಕೆಲಸದ ಒಂದಷ್ಟು ಭಾಗ ಹಾರದ ರೂಪದಲ್ಲಿ, ಶ್ಲೋಕದ ಮರೆಯಲ್ಲಿ ನಡೆದಿತ್ತು.

ಭಾರತದಲ್ಲಿ ಒಡೆಯುವ ವಿದ್ಯೆ ಮುಂದೆಯೂ ಬೆಳೆಯಿತು. ನಾರಾಯಣ ಪಂಡಿತನು 1356ರಲ್ಲಿ ಬರೆದ ‘ಗಣಿತಕೌಮುದಿ’ಯಲ್ಲಿ ಸಂಖ್ಯೆಯೊಂದರ ಭಾಗಗಳನ್ನು ಕಾಣುವ ಕ್ರಮ ಹೇಳಿದ್ದಾನೆ, ಮುಂದೆ ಫರ್ಮಾನ ಹೆಸರಿನಲ್ಲಿ ಪ್ರಸಿದ್ಧವಾದ ವಿಧಾನವೂ ಅದೇ. ಕೊಟ್ಟ ಸಂಖ್ಯೆಗಿಂತ ತುಸು ದೊಡ್ಡದಾದ ವರ್ಗವನ್ನು ತೆಗೆದುಕೊಳ್ಳಬೇಕು, ಅದರಿಂದ ಸಂಖ್ಯೆಯನ್ನು ಕಳೆದಾಗ ಉಳಿಯುವುದೂ ವರ್ಗವಾಗಿದ್ದರೆ ಅಪವರ್ತನಗಳು ಸಿಕ್ಕಂತೆಯೇ. ಇಲ್ಲದಿದ್ದರೆ ಮುಂದಿನ ವರ್ಗಕ್ಕೆ ಹೋಗಬೇಕು. ಈ ಕ್ರಮವನ್ನು ಮಹಾವೀರಾಚಾರ್ಯರ 15151ರ ಮೇಲೆ ಪ್ರಯೋಗಿಸಿದೆ. ಅದಕ್ಕಿಂತ ದೊಡ್ಡದಾದ ಮೊದಲ ವರ್ಗ 124ರದ್ದು, 15376. ಕಳೆದರೆ ಉಳಿಯುವುದು 225, ಅದು 15ರ ವರ್ಗ. 124ಕ್ಕೆ 15ನ್ನು ಕೂಡಿದರೆ 139, ಕಳೆದರೆ 109. ಮೊದಲ ಹೆಜ್ಜೆಯಲ್ಲಿಯೇ ಹಾರ ಬಿಚ್ಚಿಕೊಂಡಿತು. ಆ 139 ಮತ್ತು 109 ಎರಡೂ ಅವಿಭಾಜ್ಯಗಳು. ಇನ್ನು ಬಿಚ್ಚುವುದಕ್ಕೆ ಏನೂ ಇಲ್ಲ. ಆಚಾರ್ಯರ ಆಯ್ಕೆಯ ಸೊಗಸು ಇಂಥಲ್ಲಿ ತಿಳಿಯುತ್ತದೆ. ನಾರಾಯಣನ ಇದೇ ಕ್ರಮವನ್ನು ಹತ್ತೊಂಬತ್ತರ ಹಾರಕ್ಕೆ ಹಚ್ಚಿದರೆ ಮನುಷ್ಯಾಯುಷ್ಯದೊಳಗೆ ಮುಗಿಯುವ ಮಾತಲ್ಲ.

ಕೊನೆಗೆ ಹತ್ತೊಂಬತ್ತು ಒಂದುಗಳ ಸಂಖ್ಯೆ ಅವಿಭಾಜ್ಯವೆಂದು 1916ರಲ್ಲಿ ಸಾಧಿಸಿದವನು ಅಮೆರಿಕದ ಆಸ್ಕರ್ ಹೊಪ್. ಅವನು ಹಿಡಿದ ದಾರಿ ಮೇಲೆ ವಿವರಿಸಿದ್ದೇ ಎಂದು ಯಾರೂ ತಿಳಿಯಬಾರದು; ಆ ದಾರಿಯಿಂದಲೂ ಗುರಿ ಮುಟ್ಟಬಹುದೆಂಬಷ್ಟೇ ನನ್ನ ಮಾತು. ರಂಗಾಚಾರ್ಯರ ಆವೃತ್ತಿ ಹೊರಬಂದು ಆಗಿನ್ನೂ ನಾಲ್ಕೇ ವರ್ಷ. 1929ರಲ್ಲಿ ಲೆಹ್ಮರ್ ಮತ್ತು ಮೋರಿಸ್ ಕ್ರೈಚಿಕ್ ಒಬ್ಬರನ್ನೊಬ್ಬರು ಅವಲಂಬಿಸದೆ ಇಪ್ಪತ್ಮೂರು ಒಂದುಗಳ ಹಾರವೂ ಅವಿಭಾಜ್ಯವೆಂದು ಕಂಡುಕೊಂಡರು. ಅಲ್ಲಿಗೆ ಕೈಲೆಕ್ಕದ ಯುಗ ಮುಗಿಯಿತು. ಮುಂದಿನದು 317 ಒಂದುಗಳದ್ದು; ಅದರ ಸಾಧನೆ 1977ರಲ್ಲಿ, ಗಣಕಯಂತ್ರಗಳ ನೆರವಿನಿಂದ. ಆಮೇಲೆ 1986ರಲ್ಲಿ 1031 ಒಂದುಗಳದ್ದು. ಅದರ ನಂತರ 49081 ಒಂದುಗಳ ಹಾರ ಸಿದ್ಧವಾದದ್ದು 2022ರಲ್ಲಿ. ಇಂಥವು ಅನಂತವಾಗಿವೆಯೇ ಎಂಬುದನ್ನು ಯಾರೂ ಇದುವರೆಗೆ ಸಾಧಿಸಿಲ್ಲ.

ಇನ್ನೊಂದು ಸಣ್ಣ ಸಂಗತಿ. ‘ಗಣಿತಸಾರಸಂಗ್ರಹ’ದ ಸಂಜ್ಞಾಧಿಕಾರದಲ್ಲಿ ಸಂಖ್ಯಾಸ್ಥಾನಗಳ ಹೆಸರುಗಳಿವೆ. ಏಕ, ದಶ, ಶತ, ಸಹಸ್ರಗಳಿಂದ ಹೊರಟು ಲಕ್ಷ, ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿಗಳನ್ನು ಹಾದು ಮಹಾಕ್ಷೋಭದವರೆಗೆ ಒಟ್ಟು 24 ಸ್ಥಾನಗಳು. ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವುಳ್ಳ, 2000ದಲ್ಲಿ ಹೊಂಬುಜದಿಂದ ಪ್ರಕಟವಾದ ಆವೃತ್ತಿಯನ್ನು ಪಕ್ಕದಲ್ಲಿಟ್ಟುಕೊಂಡು ಯಾರು ಬೇಕಾದರೂ ಎಣಿಸಿ ನೋಡಬಹುದು. ಹತ್ತೊಂಬತ್ತನೆಯ ಸ್ಥಾನದ ಹೆಸರು ಶಂಖ, ಇಪ್ಪತ್ಮೂರನೆಯದು ಕ್ಷೋಭ. ಕೈಲೆಕ್ಕದ ಯುಗದಲ್ಲಿ ಸಾಧಿತವಾದ ಒಡೆಯದ ಕಂಠಿಕೆಗಳೆಲ್ಲ ಆ ಪಟ್ಟಿಯೊಳಗೇ ಹಿಡಿಸುತ್ತವೆ: 11 ದಶಸ್ಥಾನದಲ್ಲಿ ನಿಲ್ಲುತ್ತದೆ, ಹೊಪ್ ಸಾಧಿಸಿದ್ದು ಏಕದಿಂದ ಶಂಖದವರೆಗೆ ಒಂದೊಂದು ಸ್ಥಾನದಲ್ಲಿ ಒಂದೊಂದು ಮಣಿಯನ್ನಿಟ್ಟ ಹಾರ, ಲೆಹ್ಮರ್ ಮತ್ತು ಕ್ರೈಚಿಕ್ ಸಾಧಿಸಿದ್ದು ಕ್ಷೋಭದವರೆಗಿನದು. 317ರ ಹಾರಕ್ಕೆ ಬೇಕಾದ ಸ್ಥಾನನಾಮಗಳು ಆ ಪಟ್ಟಿಯಲ್ಲಿಲ್ಲ.